ದುಡಿಮೆಯೂ ಪ್ರತಿಫಲವೂ: ಹಾಥಾರ್ನ್ ಪ್ರಯೋಗಗಳ ಪಾಠ

“ಕೈ ಕೆಸರಾದರೆ ಬಾಯಿ ಮೊಸರು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ದುಡಿಮೆಗೂ ಪ್ರತಿಫಲಕ್ಕೂ ಇರುವ ಸಂಬಂಧವನ್ನು ಇಷ್ಟು ಸಂಕ್ಷೇಪವಾಗಿ ಹೇಳುವ ಮಾತು ಬೇರೊಂದು ದೊರೆಯುವುದು ಕಷ್ಟ. ಆದರೆ ಆ ಸಂಬಂಧದ ಸ್ವರೂಪವೇನು? ಮೊಸರನ್ನು ಹೆಚ್ಚಿಸಿದರೆ ಕೈಗೆ ಹತ್ತುವ ಕೆಸರೂ ಅದೇ ಪ್ರಮಾಣದಲ್ಲಿ ಹೆಚ್ಚುವುದೆ? ಒಂದು ವಸ್ತುವಿನ ಮೇಲೆ ಪ್ರಯೋಗಿಸಿದ ಬಲವನ್ನು ಎರಡು ಪಟ್ಟು ಮಾಡಿದರೆ ಅದರ ವೇಗೋತ್ಕರ್ಷವೂ ಎರಡು ಪಟ್ಟಾಗುವುದೆಂದು ನ್ಯೂಟನ್ನನ ಎರಡನೆಯ ನಿಯಮದಿಂದ ತಿಳಿಯುತ್ತೇವೆ. ದುಡಿಯುವವನ ಕೂಲಿಯನ್ನು ಎರಡು ಪಟ್ಟು ಮಾಡಿದರೆ ಅವನ ಕೆಲಸವೂ ಎರಡು ಪಟ್ಟಾಗುವುದೆ? ಮನುಷ್ಯನಿಗೂ ಅಂತಹ ಒಂದು ನಿಯಮವುಂಟೆ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಇಂದು ಶಾಲೆ ಕಾಲೇಜುಗಳಲ್ಲಿ ಓದುತ್ತಿರುವವರಲ್ಲಿ ಬಹುಮಂದಿ ನಾಳೆ ಒಬ್ಬರ ಕೈಕೆಳಗೆ ದುಡಿಯುವರು. ಕೆಲವರು ಇತರರಿಂದ ದುಡಿಸುವರು. ಸಂಬಳ ಎಷ್ಟು, ಬಹುಮಾನ ಎಂತಹುದು, ವಿರಾಮ ಎಷ್ಟು ಹೊತ್ತು ಎಂಬುದನ್ನು ಯಾರೋ ಒಬ್ಬರು ನಿರ್ಧರಿಸುತ್ತಾರೆ. ಅಂತಹ ಪ್ರತಿಯೊಂದು ನಿರ್ಧಾರದ ಹಿಂದೆಯೂ ಮನುಷ್ಯ ಸ್ವಭಾವವನ್ನು ಕುರಿತ ಒಂದು ನಂಬಿಕೆ ಇದ್ದೇ ಇರುತ್ತದೆ. ಈ ನಂಬಿಕೆಗಳನ್ನು ಒರೆಗೆ ಹಚ್ಚಿದ ಒಂದು ಪ್ರಸಿದ್ಧ ಪ್ರಯೋಗಮಾಲೆಯನ್ನು ಈ ಲೇಖನದಲ್ಲಿ ಪರಿಶೀಲಿಸೋಣ. ಬೆಳಕನ್ನು ಅಳೆಯುವ ಕೆಲಸವಾಗಿ ಅದು ಆರಂಭವಾಯಿತು; ಮನುಷ್ಯನ ಮನಸ್ಸನ್ನು ಅಳೆಯುವ ಕೆಲಸವಾಗಿ ಮುಂದುವರಿಯಿತು. ಅದರಿಂದ ಹೊರಟ ನಿರ್ಣಯಗಳು ಜಗತ್ತಿನಲ್ಲೆಲ್ಲ ಹರಡಿದುವು. ಆದರೆ ಹರಡಿದುದೆಲ್ಲವೂ ಸರಿಯಾಗಿರಲಿಲ್ಲ ಎಂಬುದೇ ಇಲ್ಲಿ ನಾವು ಕಲಿಯಬೇಕಾದ ಪಾಠ.

ಟೇಲರನ ಲೆಕ್ಕ

ಈ ಪ್ರಯೋಗಗಳ ಮಹತ್ವ ತಿಳಿಯಬೇಕಾದರೆ ಅವುಗಳಿಗೆ ಹಿಂದೆ ಪ್ರಚಾರದಲ್ಲಿದ್ದ ಅಭಿಪ್ರಾಯವನ್ನು ಮೊದಲು ನೋಡಬೇಕು. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ವಿನ್ಸ್ಲೊ ಟೇಲರ್ ಎಂಬಾತನು 1899ರಲ್ಲಿ ಪೆನ್ಸಿಲ್ವೇನಿಯದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಗಳ ದುಡಿಮೆಯನ್ನು ಗಡಿಯಾರ ಹಿಡಿದು ಅಳೆಯತೊಡಗಿದನು. ಅಲ್ಲಿನ ಕೂಲಿಗಳು ಬೀಡುಕಬ್ಬಿಣದ ಗಟ್ಟಿಗಳನ್ನು ಎತ್ತಿ ರೈಲುಗಾಡಿಗೆ ತುಂಬುತ್ತಿದ್ದರು. ಒಂದೊಂದು ಗಟ್ಟಿಯ ತೂಕ 92 ಪೌಂಡು, ಎಂದರೆ ಸುಮಾರು 42 ಕಿಲೋಗ್ರಾಂ. ಟೇಲರನು 1911ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಹೇಳಿರುವಂತೆ, ಒಬ್ಬ ಕೂಲಿಯು ದಿನಕ್ಕೆ ಹನ್ನೆರಡೂವರೆ ಟನ್ನು ತುಂಬುತ್ತಿದ್ದನು. ಯಾವಾಗ ಎತ್ತಬೇಕು, ಯಾವಾಗ ಕುಳಿತು ದಣಿವಾರಿಸಿಕೊಳ್ಳಬೇಕು ಎಂಬುದನ್ನು ಮೇಲ್ವಿಚಾರಕನೇ ಹೇಳಿ, ಕೂಲಿಯನ್ನು 1.15 ಡಾಲರಿನಿಂದ 1.85 ಡಾಲರಿಗೆ ಏರಿಸಿದ ಮೇಲೆ ಅದೇ ಕೂಲಿಯು ನಲವತ್ತೇಳೂವರೆ ಟನ್ನು ತುಂಬಿದನು.

ವಿದ್ಯಾರ್ಥಿಗಳು ಈ ಅಂಕಿಗಳ ಮೇಲೆ ಸ್ವಲ್ಪ ಲೆಕ್ಕ ಮಾಡಿ ನೋಡಬೇಕು. ಅಲ್ಲಿನ ಒಂದು ಟನ್ನಿಗೆ 2,240 ಪೌಂಡುಗಳಂತೆ ನಲವತ್ತೇಳೂವರೆ ಟನ್ನಿಗೆ 1,06,400 ಪೌಂಡುಗಳಾಗುತ್ತವೆ. ಇದನ್ನು 92ರಿಂದ ಭಾಗಿಸಿದರೆ ಸುಮಾರು 1,156 ಗಟ್ಟಿಗಳು. ಹತ್ತು ಗಂಟೆಗಳ ದುಡಿಮೆಯ ದಿನದಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ ಎರಡು ಗಟ್ಟಿ! ಕೆಲಸ 3.8 ಪಟ್ಟಾಯಿತು, ಕೂಲಿ 1.6 ಪಟ್ಟಾಯಿತು. ಟೇಲರನ ಈ ವೃತ್ತಾಂತದಲ್ಲಿ ಉತ್ಪ್ರೇಕ್ಷೆ ಬಹಳವಿದೆಯೆಂದು 1974ರಲ್ಲಿ ಹಳೆಯ ದಾಖಲೆಗಳನ್ನು ಶೋಧಿಸಿದ ವಿದ್ವಾಂಸರು ತೋರಿಸಿಕೊಟ್ಟರು. ಆದರೂ ಅವನ ತತ್ತ್ವ ಬಹುಕಾಲ ಪ್ರಬಲವಾಗಿತ್ತು. ಕಾರ್ಮಿಕನೆಂದರೆ ಹಣವೆಂಬ ಬಲದಿಂದ ಚಲಿಸುವ ಒಂದು ವಸ್ತು. ಆ ಬಲವನ್ನು ಸರಿಯಾದ ದಿಕ್ಕಿನಲ್ಲಿ ಪ್ರಯೋಗಿಸುವುದಷ್ಟೇ ಯಜಮಾನನ ಕೆಲಸ. ಇದೇ ಆ ತತ್ತ್ವ.

ಬೆಳಕಿನ ಪ್ರಯೋಗ

ಚಿಕಾಗೋ ನಗರದ ಮಗ್ಗುಲಲ್ಲಿರುವ ಸಿಸೆರೊ ಎಂಬ ಊರಿನಲ್ಲಿ ವೆಸ್ಟರ್ನ್ ಇಲೆಕ್ಟ್ರಿಕ್ ಸಂಸ್ಥೆಯ ಹಾಥಾರ್ನ್ ಕಾರ್ಖಾನೆಯಿತ್ತು. ಅಮೆರಿಕದ ಟೆಲಿಫೋನು ಜಾಲಕ್ಕೆ ಬೇಕಾದ ಉಪಕರಣಗಳು ಅಲ್ಲಿ ತಯಾರಾಗುತ್ತಿದ್ದುವು. ಹತ್ತಾರು ಸಾವಿರ ಮಂದಿ ಅಲ್ಲಿ ದುಡಿಯುತ್ತಿದ್ದರು. 1924ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ಅಲ್ಲಿ ಒಂದು ಸರಳವಾದ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಪ್ರಾರಂಭವಾಯಿತು: ದೀಪದ ಬೆಳಕು ಹೆಚ್ಚಿದರೆ ಕೆಲಸವೂ ಹೆಚ್ಚುವುದೆ?

ಬೆಳಕಿನ ಪ್ರಮಾಣವನ್ನು ಆಗ ಫುಟ್-ಕ್ಯಾಂಡಲ್ ಎಂಬ ಮಾನದಲ್ಲಿ ಅಳೆಯುತ್ತಿದ್ದರು. ಒಂದು ಪ್ರಮಾಣಿತ ಮೇಣದ ಬತ್ತಿಯ ಬೆಳಕು ಒಂದು ಅಡಿ ದೂರದಲ್ಲಿರುವ ಮೇಲ್ಮೈಯ ಮೇಲೆ ನೇರವಾಗಿ ಬಿದ್ದಾಗ ಅಲ್ಲಿ ಉಂಟಾಗುವ ಪ್ರಕಾಶವೇ ಒಂದು ಫುಟ್-ಕ್ಯಾಂಡಲ್. ಇಂದು ಬಳಕೆಯಲ್ಲಿರುವ ಲಕ್ಸ್ ಎಂಬ ಮಾನದಲ್ಲಿ ಇದು ಸುಮಾರು 10.8ಕ್ಕೆ ಸಮ.

ಪ್ರಯೋಗಕಾರರು ಕೆಲಸಗಾರರನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಬೆಳಕನ್ನು 24, 46, 70 ಫುಟ್-ಕ್ಯಾಂಡಲುಗಳಂತೆ ಏರಿಸುತ್ತ ಹೋದರು. ಇನ್ನೊಂದು ಗುಂಪಿಗೆ ಹೆಚ್ಚಿನ ಬದಲಾವಣೆಯಿಲ್ಲದಂತೆ ನೋಡಿಕೊಂಡರು. ಬೆಳಕು ಏರಿದ ಗುಂಪಿನ ಉತ್ಪಾದನೆ ಹೆಚ್ಚಿತು. ಆದರೆ ಬೆಳಕು ಏರದ ಗುಂಪಿನ ಉತ್ಪಾದನೆಯೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿತು! ಆ ಬಳಿಕ ಹಗಲಿನ ಬೆಳಕು ಒಳಗೆ ಬಾರದಂತೆ ಮಾಡಿ, ಬೆಳಕನ್ನು 10ರಿಂದ 3 ಫುಟ್-ಕ್ಯಾಂಡಲುಗಳ ವರೆಗೆ ಹಂತ ಹಂತವಾಗಿ ಇಳಿಸಿದರು. ಆಗಲೂ ಎರಡು ಗುಂಪುಗಳ ಉತ್ಪಾದನೆಯೂ ಏರುತ್ತಲೇ ಇತ್ತು. ಕೊನೆಗೆ, ಮಾಡುವ ಕೆಲಸವೇ ಕಾಣಿಸುತ್ತಿಲ್ಲವೆಂದು ಅವರು ದೂರಿದಾಗ ಮಾತ್ರ ಉತ್ಪಾದನೆ ಇಳಿಯಿತು. ಇಬ್ಬರು ಹೆಣ್ಣುಮಕ್ಕಳಂತೂ 0.06 ಫುಟ್-ಕ್ಯಾಂಡಲ್ ಬೆಳಕಿನಲ್ಲಿ, ಎಂದರೆ ಬೆಳುದಿಂಗಳೊಡನೆ ಹೋಲಿಸಬಹುದಾದ ಮಬ್ಬಿನಲ್ಲಿ, ತಮ್ಮ ಎಂದಿನ ವೇಗವನ್ನು ಕಾಯ್ದುಕೊಂಡರು.

ಇನ್ನೊಂದು ಸಂಗತಿ ಇದಕ್ಕಿಂತಲೂ ಸ್ವಾರಸ್ಯವಾದುದು. ಬೆಳಕನ್ನು ಹೆಚ್ಚಿಸುವೆವೆಂಬ ಭಾವನೆ ಬರುವಂತೆ ಮಾಡಿ, ಕೆಲಸಗಾರರ ಕಣ್ಣೆದುರಿಗೇ ಹಳೆಯ ಬಲ್ಬುಗಳನ್ನು ತೆಗೆದು ಅಷ್ಟೇ ಶಕ್ತಿಯ ಬೇರೆ ಬಲ್ಬುಗಳನ್ನು ಹಾಕಿದರು. ಬೆಳಕು ಈಗ ಚೆನ್ನಾಗಿದೆಯೆಂದು ಅವರು ಮೆಚ್ಚಿಕೊಂಡರು. ಬೆಳಕುಮಾಪಕದ ಮುಳ್ಳು ಕದಲಿರಲಿಲ್ಲ. ಬದಲಾದುದು ಅವರ ಭಾವನೆ ಮಾತ್ರ.

ಭೌತವಿಜ್ಞಾನದ ದೃಷ್ಟಿಯಿಂದ ಇದು ವಿಫಲವಾದ ಪ್ರಯೋಗವೇ ಸರಿ. ಕಾರಣವೆಂದು ಊಹಿಸಿದುದನ್ನು ಏರಿಸಿದರೂ ಇಳಿಸಿದರೂ ಪರಿಣಾಮ ಏರುತ್ತಲೇ ಹೋದರೆ ನಾವು ಊಹಿಸಿದುದು ಮುಖ್ಯ ಕಾರಣವಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಹಾಗಾದರೆ ಕಾರಣ ಯಾವುದು?

ಐವರು ಹೆಣ್ಣುಮಕ್ಕಳ ಕೋಣೆ

ಇದನ್ನು ಕಂಡುಹಿಡಿಯುವುದಕ್ಕಾಗಿ 1927ರ ಏಪ್ರಿಲಿನಲ್ಲಿ ಎರಡನೆಯ ಘಟ್ಟ ಆರಂಭವಾಯಿತು. ಟೆಲಿಫೋನು ವಿನಿಮಯ ಕೇಂದ್ರಗಳಲ್ಲಿ ರಿಲೇ ಎಂಬ ಒಂದು ಚಿಕ್ಕ ಸಾಧನವಿರುತ್ತಿತ್ತು. ವಿದ್ಯುತ್ಪ್ರವಾಹ ಹರಿದೊಡನೆ ಅದರೊಳಗಿನ ವಿದ್ಯುದಯಸ್ಕಾಂತವು ಒಂದು ತಗಡನ್ನು ಸೆಳೆದು ಬೇರೊಂದು ಮಂಡಲವನ್ನು ಕೂಡಿಸುತ್ತದೆ ಅಥವಾ ಕಡಿಯುತ್ತದೆ. ಸುಮಾರು 35 ಬಿಡಿಭಾಗಗಳನ್ನು ಜೋಡಿಸಿ ಒಂದು ರಿಲೇಯನ್ನು ತಯಾರಿಸಬೇಕು. ನುರಿತ ಕೈಗೆ ಇದು ಒಂದು ನಿಮಿಷದ ಕೆಲಸ. ಇಂತಹ ಕೆಲಸ ಮಾಡುತ್ತಿದ್ದ ಐವರು ತರುಣಿಯರನ್ನೂ, ಅವರಿಗೆ ಬಿಡಿಭಾಗಗಳನ್ನು ಒದಗಿಸುವ ಒಬ್ಬಳನ್ನೂ ಒಂದು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿದರು. ಮುಗಿದ ಪ್ರತಿಯೊಂದು ರಿಲೇಯನ್ನೂ ಅವರು ಒಂದು ಜಾರುಗಂಡಿಯಲ್ಲಿ ಹಾಕುತ್ತಿದ್ದರು. ಹಾಕಿದೊಡನೆ ಚಲಿಸುತ್ತಿರುವ ಕಾಗದದ ಪಟ್ಟಿಯ ಮೇಲೆ ಒಂದು ರಂಧ್ರ ಬೀಳುತ್ತಿತ್ತು. ಹೀಗೆ ಯಾರು ಯಾವ ನಿಮಿಷದಲ್ಲಿ ಎಷ್ಟು ಕೆಲಸ ಮಾಡಿದರೆಂಬುದು ತಾನಾಗಿಯೇ ದಾಖಲೆಯಾಗುತ್ತಿತ್ತು.

ಆಮೇಲೆ ಅವರ ಕೆಲಸದ ನಿಯಮಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರು. ಮೊದಲು ಐದೈದು ನಿಮಿಷಗಳ ಎರಡು ವಿರಾಮಗಳು. ಅನಂತರ ಹತ್ತು ಹತ್ತು ನಿಮಿಷಗಳ ಎರಡು. ಅನಂತರ ಐದು ನಿಮಿಷಗಳ ಆರು. ಮತ್ತೊಂದು ಅವಧಿಯಲ್ಲಿ ಬೆಳಗಿನ ವಿರಾಮದಲ್ಲಿ ಸಂಸ್ಥೆಯ ಖರ್ಚಿನಲ್ಲಿ ಲಘು ಉಪಾಹಾರ. ಬಳಿಕ ಸಂಜೆ ಐದರ ಬದಲು ನಾಲ್ಕೂವರೆಗೆ, ಮುಂದೆ ನಾಲ್ಕಕ್ಕೇ ಬಿಡುಗಡೆ. ಒಂದು ಅವಧಿಯಲ್ಲಿ ಶನಿವಾರ ಪೂರ್ತಿ ರಜ. ಕೊನೆಗೆ ಹನ್ನೆರಡನೆಯ ಅವಧಿಯಲ್ಲಿ ಈ ಸೌಲಭ್ಯಗಳನ್ನೆಲ್ಲ ಒಮ್ಮೆಗೇ ಹಿಂತೆಗೆದುಕೊಂಡರು: ವಿರಾಮವಿಲ್ಲ, ಉಪಾಹಾರವಿಲ್ಲ, ಮೊದಲಿನಂತೆ ವಾರಕ್ಕೆ 48 ಗಂಟೆಗಳ ದುಡಿಮೆ. ಆದರೂ ಉತ್ಪಾದನೆ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. ಸುಮಾರು ಎರಡು ವರ್ಷಗಳ ಕೊನೆಗೆ ಅದು ಆರಂಭದಲ್ಲಿದ್ದುದಕ್ಕಿಂತ ಶೇಕಡ 30ರಷ್ಟು ಮೇಲಿತ್ತು.

1928ರಲ್ಲಿ ಈ ಕೆಲಸದೊಡನೆ ಸಂಪರ್ಕ ಬೆಳೆಸಿದ ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್ಟನ್ ಮೇಯೊ ಎಂಬ ಪ್ರಾಧ್ಯಾಪಕರು ಇದಕ್ಕೆ ಒಂದು ವಿವರಣೆ ಕೊಟ್ಟರು. ಆ ತರುಣಿಯರನ್ನು ಕೇಳಿ, ಅವರೊಡನೆ ಮಾತಾಡಿ, ಅವರ ಅಭಿಪ್ರಾಯಕ್ಕೆ ಬೆಲೆ ಕೊಟ್ಟು ನಡೆಸಿಕೊಂಡರು, ಐವರಲ್ಲಿ ಸ್ನೇಹ ಬೆಳೆಯಿತು, ಗದರಿಸುವ ಮೇಲ್ವಿಚಾರಕನಿರಲಿಲ್ಲ. ದುಡಿಮೆ ಹೆಚ್ಚಲು ಇದೇ ಕಾರಣವೆಂದು ಅವರು ಹೇಳಿದರು. ಮೇಯೊ ಅವರ ಗ್ರಂಥ 1933ರಲ್ಲಿ ಹೊರಬಂದಿತು; ರೋತ್ಲಿಸ್‌ಬರ್ಗರ್ ಮತ್ತು ಡಿಕ್ಸನ್ ಎಂಬವರು ಬರೆದ ಸವಿಸ್ತಾರವಾದ ವರದಿ 1939ರಲ್ಲಿ ಪ್ರಕಟವಾಯಿತು. ತನ್ನನ್ನು ಇತರರು ಗಮನಿಸುತ್ತಿದ್ದಾರೆ ಎಂಬ ಅರಿವಿನಿಂದಲೇ ಮನುಷ್ಯನ ನಡತೆ ಬದಲಾಗುವುದಕ್ಕೆ “ಹಾಥಾರ್ನ್ ಪರಿಣಾಮ” ಎಂಬ ಹೆಸರೂ 1950ರ ದಶಕದಲ್ಲಿ ರೂಢಿಗೆ ಬಂದಿತು. ಅಲ್ಲಿಂದ ಮುಂದೆ ಎಷ್ಟೋ ಪಠ್ಯಪುಸ್ತಕಗಳಲ್ಲಿ ಒಂದು ಮಾತು ನೆಲೆಯೂರಿತು: ಕಾರ್ಮಿಕನನ್ನು ಹುರಿದುಂಬಿಸುವುದು ಹಣವಲ್ಲ, ಆದರ.

ಒಂದೇ ಸಲ ಎಷ್ಟು ಬದಲಾವಣೆ?

ಮಾತು ಮನೋಹರವಾಗಿದೆ. ಆದರೆ ಪ್ರಯೋಗಶಾಲೆಗೆ ಹೊಸದಾಗಿ ಬಂದ ವಿದ್ಯಾರ್ಥಿಗೆ ನಾವು ಮೊದಲು ಹೇಳುವ ಎಚ್ಚರಿಕೆಯನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಲೋಲಕದ ಆಂದೋಲನ ಕಾಲವು ಯಾವುದನ್ನು ಅವಲಂಬಿಸಿದೆಯೆಂದು ತಿಳಿಯಬೇಕಾದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ದಾರದ ಉದ್ದವನ್ನೂ ಗುಂಡಿನ ತೂಕವನ್ನೂ ಒಟ್ಟಿಗೆ ಬದಲಿಸಿದವನು, ಆಂದೋಲನ ಕಾಲ ಬದಲಾದುದು ತೂಕದಿಂದಲೇ ಎಂದು ತಪ್ಪು ತಿಳಿಯಬಹುದು. ಹಾಥಾರ್ನಿನ ಆ ಕೋಣೆಯಲ್ಲಿ ಏನೇನು ಬದಲಾಗಿತ್ತೆಂಬುದನ್ನು ಎಣಿಸಿ ನೋಡೋಣ.

ಮೊದಲನೆಯದಾಗಿ, ಕೂಲಿಯ ಪದ್ಧತಿಯೇ ಬದಲಾಗಿತ್ತು. ದೊಡ್ಡ ವಿಭಾಗದಲ್ಲಿ ಸುಮಾರು ನೂರು ಮಂದಿಯ ಒಟ್ಟು ಉತ್ಪಾದನೆಯ ಮೇಲೆ ಕೂಲಿ ನಿಗದಿಯಾಗುತ್ತಿತ್ತು. ಅಲ್ಲಿ ಒಬ್ಬಳು ಕಷ್ಟಪಟ್ಟು ನೂರು ಕಾಸಿನಷ್ಟು ಹೆಚ್ಚಿಗೆ ದುಡಿದರೆ, ಸ್ಥೂಲವಾಗಿ ಹೇಳುವುದಾದರೆ, ಅವಳ ಪಾಲಿಗೆ ಬರುತ್ತಿದ್ದುದು ಒಂದು ಕಾಸು. ಪ್ರತ್ಯೇಕ ಕೋಣೆಯಲ್ಲಿ ಗುಂಪು ಐದೇ ಮಂದಿಯದಾದುದರಿಂದ ಅದೇ ದುಡಿಮೆಗೆ ಬರುತ್ತಿದ್ದುದು ಇಪ್ಪತ್ತು ಕಾಸು. ತನ್ನ ಬೆವರಿಗೂ ತನ್ನ ಕೂಲಿಗೂ ಇರುವ ಸಂಬಂಧ ಅವಳಿಗೆ ಕಣ್ಣಿಗೆ ಕಾಣುವಂತಾಯಿತು. ಎರಡನೆಯದಾಗಿ, ತಾನು ಎಷ್ಟು ಮಾಡಿದೆನೆಂಬುದು ಅವಳಿಗೆ ತಿಳಿಯುತ್ತಿತ್ತು. ಮೂರನೆಯದಾಗಿ, 1928ರ ಜನವರಿಯಲ್ಲಿ ಹೆಚ್ಚು ಮಾತಾಡುವರು, ಸಹಕರಿಸುವುದಿಲ್ಲ ಎಂಬ ಕಾರಣದಿಂದ ಇಬ್ಬರನ್ನು ಆ ಕೋಣೆಯಿಂದ ಹೊರಗೆ ಕಳುಹಿಸಿ, ಅವರ ಸ್ಥಾನದಲ್ಲಿ ಬೇರೆ ಇಬ್ಬರನ್ನು ತಂದರು. ಐವರ ಗುಂಪಿನಲ್ಲಿ ಇಬ್ಬರು ಬದಲಾದ ಮೇಲೆ ಅದನ್ನು ಅದೇ ಗುಂಪೆಂದು ಹೇಳುವುದು ಹೇಗೆ? ಆದರದ ಕಥೆಯನ್ನು ಹೇಳುವವರು ಈ ಇಬ್ಬರನ್ನು ಅನೇಕ ವೇಳೆ ಮರೆತುಬಿಡುತ್ತಾರೆ.

ಪ್ರಯೋಗಕಾರರಿಗೂ ಈ ಸಂದೇಹ ಬಾರದಿರಲಿಲ್ಲ. ಅವರು ರಿಲೇ ಜೋಡಿಸುವ ಬೇರೆ ಐವರನ್ನು ದೊಡ್ಡ ವಿಭಾಗದಲ್ಲಿಯೇ ಇರಗೊಟ್ಟು, ಕೂಲಿಯ ಪದ್ಧತಿಯನ್ನು ಮಾತ್ರ ಚಿಕ್ಕ ಗುಂಪಿನದಾಗಿ ಮಾರ್ಪಡಿಸಿದರು. ಉತ್ಪಾದನೆ ಬೇಗನೆ ಶೇಕಡ 12ಕ್ಕೂ ಹೆಚ್ಚಾಯಿತು. ಸುತ್ತಲಿನವರು ಅಸಮಾಧಾನಗೊಂಡುದರಿಂದ ಒಂಬತ್ತು ವಾರಗಳಲ್ಲಿ ಇದನ್ನು ನಿಲ್ಲಿಸಬೇಕಾಯಿತು; ಕೂಡಲೇ ಉತ್ಪಾದನೆಯೂ ಇಳಿಯಿತು. ಇನ್ನೊಂದು ಕಡೆ, ಅಭ್ರಕದ ಹಾಳೆಗಳನ್ನು ಸೀಳುವ ಐವರಿಗೆ ಕೂಲಿಯ ಪದ್ಧತಿಯನ್ನು ಬದಲಿಸದೆ ಪ್ರತ್ಯೇಕ ಕೋಣೆಯನ್ನೂ ವಿರಾಮಗಳನ್ನೂ ಕೊಟ್ಟರು. ಅಲ್ಲಿಯೂ ಮೊದಲ ವರ್ಷದಲ್ಲಿ ಉತ್ಪಾದನೆ ಶೇಕಡ 15ರಷ್ಟು ಏರಿ, ಮುಂದೆ ಇಳಿಯಿತು. ಈ ಎರಡು ಅಂಕಿಗಳನ್ನೂ ಕೂಡಿಸಿ, ಹಣದ ಪಾಲು ಇಷ್ಟು, ಆದರದ ಪಾಲು ಇಷ್ಟು ಎಂದು ಹೇಳಿಬಿಡಲು ಮನಸ್ಸು ಹಾತೊರೆಯುತ್ತದೆ. ಆದರೆ ಒಂದು ಬಿಂದುವಿನ ಮೇಲೆ ವರ್ತಿಸುವ ಎರಡು ಬಲಗಳನ್ನು ಕೂಡಿಸುವಂತೆ ಬೇರೆ ಬೇರೆ ಕೆಲಸ ಮಾಡುವ ಬೇರೆ ಬೇರೆ ಜನರ ಅಂಕಿಗಳನ್ನು ಕೂಡಿಸಲಾಗದು. ನಾವು ನಿಶ್ಚಯವಾಗಿ ಹೇಳಬಹುದಾದುದು ಇಷ್ಟೆ: ಕೂಲಿಯ ಪಾತ್ರ ಸೊನ್ನೆಯಾಗಿರಲಿಲ್ಲ.

ಬೆಳಕಿನ ಪ್ರಯೋಗದ ಮೂಲ ಅಂಕಿಗಳು ನಾಶವಾದುವೆಂದೇ ಬಹುಕಾಲ ಎಲ್ಲರೂ ನಂಬಿದ್ದರು. ಅವುಗಳಲ್ಲಿ ಉಳಿದುದನ್ನು ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಹುಡುಕಿ ತೆಗೆದು, ಪುನಃ ಪರಿಶೀಲಿಸಿ 2011ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ದೀಪಗಳನ್ನು ಬದಲಿಸುತ್ತಿದ್ದುದು ಭಾನುವಾರಗಳಂದು. ಮರುದಿನ, ಸೋಮವಾರ, ಉತ್ಪಾದನೆ ಹೆಚ್ಚಿರುತ್ತಿತ್ತು. ಆದರೆ ದೀಪಗಳನ್ನು ಮುಟ್ಟದೆ ಇದ್ದ ವಾರಗಳಲ್ಲಿಯೂ ಶನಿವಾರಕ್ಕಿಂತ ಸೋಮವಾರದ ಉತ್ಪಾದನೆ ಹೆಚ್ಚಾಗಿಯೇ ಇತ್ತು! ದೀಪದ ಮಹಿಮೆಯೆಂದೂ ಗಮನದ ಮಹಿಮೆಯೆಂದೂ ತಿಳಿದುದರಲ್ಲಿ ಬಹುಪಾಲು ವಾರದ ದಿನಗಳ ಮಹಿಮೆಯಾಗಿತ್ತು.

ಹದಿನಾಲ್ಕು ಗಂಡಸರ ಕೋಣೆ

ಹಾಥಾರ್ನ್ ಪ್ರಯೋಗಗಳಲ್ಲಿ ಹೆಚ್ಚು ಅರ್ಥಗರ್ಭಿತವಾದುದು ಹೆಚ್ಚು ಪ್ರಸಿದ್ಧವಾದುದಲ್ಲ, ಕೊನೆಯದು ಎಂದು ನನಗೆ ತೋರುತ್ತದೆ. 1931ರ ನವೆಂಬರಿನಿಂದ 1932ರ ಮೇ ತಿಂಗಳ ವರೆಗೆ ಹದಿನಾಲ್ಕು ಮಂದಿ ಗಂಡಸರ ಕೆಲಸವನ್ನು ಒಂದು ಕೋಣೆಯಲ್ಲಿ ಗಮನಿಸಿದರು. ಅವರಲ್ಲಿ ಒಂಬತ್ತು ಮಂದಿ ಟೆಲಿಫೋನು ಸಲಕರಣೆಗೆ ತಂತಿ ಕಟ್ಟುವವರು, ಮೂವರು ಬೆಸುಗೆ ಹಾಕುವವರು, ಇಬ್ಬರು ಪರೀಕ್ಷಕರು. ಇಲ್ಲಿ ಪ್ರಯೋಗಕಾರರು ಯಾವುದನ್ನೂ ಬದಲಿಸಲಿಲ್ಲ; ಒಬ್ಬ ವೀಕ್ಷಕನು ಕುಳಿತು ನೋಡುತ್ತಿದ್ದನು, ಅಷ್ಟೆ. ಕೂಲಿಯ ಪದ್ಧತಿ ಹೆಚ್ಚು ದುಡಿದವರಿಗೆ ಹೆಚ್ಚು ಹಣ ತರುವಂತಹುದೇ ಆಗಿತ್ತು. ಟೇಲರನ ತತ್ತ್ವ ನಿಜವಾಗಿದ್ದರೆ ಅವರು ಕೈಲಾದಷ್ಟೂ ದುಡಿಯಬೇಕಾಗಿತ್ತು. ಗಮನದಿಂದಲೇ ಉತ್ಸಾಹ ಹುಟ್ಟುವುದಾಗಿದ್ದರೆ ಅದೂ ಅಲ್ಲಿತ್ತು.

ನಡೆದುದೇ ಬೇರೆ. ಸಂಸ್ಥೆಯು ದಿನಕ್ಕೆ 7,300ಕ್ಕೂ ಮೀರಿದ ತಂತಿ ಜೋಡಣೆಗಳನ್ನು ಗುರಿಯಾಗಿ ಇಟ್ಟಿತ್ತು. ಕೆಲಸಗಾರರು ತಮ್ಮತಮ್ಮಲ್ಲೇ ಸುಮಾರು 6,600 ಸಾಕೆಂದು ಗೊತ್ತುಮಾಡಿಕೊಂಡಿದ್ದರು. ಅದಕ್ಕಿಂತ ಹೆಚ್ಚು ಮಾಡಿದವನನ್ನು ದರ ಕೆಡಿಸುವವನೆಂದು ಹೀಯಾಳಿಸುತ್ತಿದ್ದರು. ತೋಳಿನ ಮೇಲೆ ಒಂದು ಗುದ್ದನ್ನೂ ಕೊಡುತ್ತಿದ್ದರು. ಬಹಳ ಕಡಮೆ ಮಾಡಿದವನಿಗೂ ಮೂದಲಿಕೆ ತಪ್ಪುತ್ತಿರಲಿಲ್ಲ. ಒಂದು ದಿನ ಹೆಚ್ಚಾದ ಕೆಲಸವನ್ನು ಮುಚ್ಚಿಟ್ಟು, ಕಡಮೆಯಾದ ದಿನದ ಲೆಕ್ಕಕ್ಕೆ ಸೇರಿಸುತ್ತಿದ್ದರು. ಆದುದರಿಂದ ಅವರು ಕೊಟ್ಟ ಲೆಕ್ಕದ ನಕ್ಷೆ ಹೆಚ್ಚು ಏರಿಳಿತವಿಲ್ಲದ ಸರಳರೇಖೆಯಂತೆ ಕಾಣುತ್ತಿತ್ತು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯ ಅಂಕಿಗಳು ಅತಿ ಸೊಗಸಾಗಿ ಒಂದೇ ರೇಖೆಯ ಮೇಲೆ ಬಿದ್ದರೆ ಉಪಾಧ್ಯಾಯನಿಗೆ ಅನುಮಾನ ಬರುವುದು ಸಹಜ. ಇಲ್ಲಿಯೂ ಆ ಸರಳರೇಖೆ ಪ್ರಕೃತಿಯ ಕೈಬರಹವಾಗಿರಲಿಲ್ಲ; ಮನುಷ್ಯರ ಒಪ್ಪಂದವಾಗಿತ್ತು.

ಅವರು ಹಾಗೇಕೆ ಮಾಡಿದರು? ಸೋಮಾರಿತನದಿಂದ ಎನ್ನುವುದು ಸುಲಭ. ಅವರ ತರ್ಕ ಬೇರೆಯಾಗಿತ್ತು. ಇಂದು ಹೆಚ್ಚು ಮಾಡಿ ತೋರಿಸಿದರೆ ನಾಳೆ ಯಜಮಾನರು ದರವನ್ನು ಇಳಿಸುವರು. ಅಥವಾ ಇಷ್ಟು ಕೆಲಸಕ್ಕೆ ಇಷ್ಟು ಜನ ಬೇಡವೆಂದು ಕೆಲವರನ್ನು ಮನೆಗೆ ಕಳುಹಿಸುವರು. ನಿಧಾನವಾಗಿ ದುಡಿಯುವ ಜೊತೆಗಾರನಿಗೆ ಮಾತು ಬರುವುದು. ಆಗ ಅಮೆರಿಕದಲ್ಲಿ ಮಹಾ ಆರ್ಥಿಕ ಮುಗ್ಗಟ್ಟಿನ ಕಾಲ. ಎಲ್ಲೆಲ್ಲಿಯೂ ಕೆಲಸ ಕಳೆದುಕೊಂಡವರು. ಆ ಕೋಣೆಯ ವೀಕ್ಷಣೆ 1932ರಲ್ಲಿ ನಿಂತುಹೋದುದಕ್ಕೆ ಕಾರಣವೂ ಕೆಲಸದ ಅಭಾವವೇ. ಅವರ ಭಯ ಪೂರ್ತಿ ನಿರಾಧಾರವಾಗಿತ್ತೆಂದು ಯಾರು ಹೇಳಬಲ್ಲರು?

ಈ ಎರಡು ಕೋಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಸಂಸ್ಥೆ ಒಂದೇ, ಎರಡು ಕಡೆಯೂ ಹೆಚ್ಚು ದುಡಿಮೆಗೆ ಹೆಚ್ಚು ಕೂಲಿಯೆಂಬ ವಾಗ್ದಾನವಿದೆ, ಎರಡು ಕಡೆಯೂ ನೋಡುವವರಿದ್ದಾರೆ. ಒಂದು ಕಡೆ ದುಡಿಮೆ ಏರಿತು, ಇನ್ನೊಂದು ಕಡೆ ಒಂದು ಗೆರೆಯಲ್ಲಿ ನಿಂತಿತು. ಕೋಣೆಗಳಲ್ಲಿ ಇತರ ವ್ಯತ್ಯಾಸಗಳೂ ಇದ್ದುವೆಂಬುದು ನಿಜ. ಆದರೂ ಒಂದು ವಿಷಯ ಎದ್ದು ಕಾಣುತ್ತದೆ. ಹೆಣ್ಣುಮಕ್ಕಳಿಗೆ ತಮ್ಮ ದುಡಿಮೆಯ ಫಲ ತಮಗೇ ಬರುತ್ತಿರುವುದು ಕಾಣುತ್ತಿತ್ತು. ಗಂಡಸರಿಗೆ ಅದು ತಮಗೇ ಮುಳುವಾಗುವುದೆಂಬ ಭಯವಿತ್ತು. ಕಲ್ಲಿನ ಮೇಲೆ ಬಲ ಬಿದ್ದಾಗ ನಾಳೆ ಏನಾದೀತೆಂದು ಕಲ್ಲು ಯೋಚಿಸುವುದಿಲ್ಲ. ಮನುಷ್ಯನು ಯೋಚಿಸುತ್ತಾನೆ. ಪ್ರತಿಫಲವು ಅವನನ್ನು ತಳ್ಳುವ ಬಲವಲ್ಲ. ಅವನಿಗೆ ಬಂದ ಒಂದು ಓಲೆ. ಅದನ್ನು ಬರೆದವರಾರು, ಅವರ ಮಾತನ್ನು ನಂಬಬಹುದೆ ಎಂದು ವಿಚಾರಿಸಿ ಅವನು ಅದಕ್ಕೆ ಉತ್ತರ ಕೊಡುತ್ತಾನೆ.

ಬಹುಮಾನವೇ ಅಡ್ಡಿಯಾದಾಗ

ಓಲೆಯ ಅರ್ಥ ಕೆಲವು ವೇಳೆ ಬರೆದವನ ಉದ್ದೇಶಕ್ಕೆ ವಿರುದ್ಧವಾಗಿಯೂ ಆಗಬಹುದು. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ನಿದರ್ಶನ. ಅಮೆರಿಕದ ಸ್ಟ್ಯಾನ್‌ಫರ್ಡಿನ ಒಂದು ಶಿಶುವಿಹಾರದಲ್ಲಿ ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆಸಕ್ತಿ ತೋರಿದ ಮಕ್ಕಳನ್ನು ಆರಿಸಿ ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ನಕ್ಷತ್ರವೂ ಕೆಂಪು ಪಟ್ಟಿಯೂ ಇರುವ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಹೇಳಿ ಕೊಟ್ಟರು. ಎರಡನೆಯ ಗುಂಪಿಗೆ ಮುಂಚಿತವಾಗಿ ಏನೂ ಹೇಳದೆ, ಬರೆದ ಮೇಲೆ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರಗಳ ಮೇಲೆ ಪೆನ್ನುಗಳನ್ನು ತರಗತಿಯಲ್ಲಿ ಇಟ್ಟು, ಬಹುಮಾನದ ಮಾತೆತ್ತದೆ ಗಮನಿಸಿದರು. ಮೊದಲೇ ಆಸೆ ತೋರಿಸಿದ್ದ ಗುಂಪಿನ ಮಕ್ಕಳು ಚಿತ್ರ ಬರೆಯಲು ಕೊಟ್ಟ ಕಾಲ ಇತರರದರಲ್ಲಿ ಸುಮಾರು ಅರ್ಧದಷ್ಟು ಮಾತ್ರ. ಆಟವಾಗಿದ್ದುದು ಕೂಲಿಯ ಕೆಲಸವಾಯಿತು. ಕೂಲಿ ನಿಂತಾಗ ಕೆಲಸವೂ ಸೊರಗಿತು.

ಇದಕ್ಕೆ ಎರಡು ವರ್ಷ ಮುಂಚೆ, 1971ರಲ್ಲಿ, ಎಡ್ವರ್ಡ್ ಡೆಸಿ ಎಂಬವರು ಘನಾಕೃತಿಯ ತುಂಡುಗಳನ್ನು ಜೋಡಿಸುವ ಒಂದು ಒಗಟನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟು ಇಂತಹುದೇ ಪ್ರವೃತ್ತಿಯನ್ನು ಕಂಡಿದ್ದರು. ಬಿಡಿಸಿದ ಒಗಟಿಗೆ ಹಣ ಕೊಟ್ಟು ಮುಂದೆ ನಿಲ್ಲಿಸಿದಾಗ ಬಿಡುವಿನ ವೇಳೆಯಲ್ಲಿ ಅದರ ಕಡೆಗೆ ಒಲವು ಕುಗ್ಗುತ್ತಿತ್ತು. ಹಣದ ಬದಲು ಮೆಚ್ಚುಗೆಯ ಮಾತನ್ನಾಡಿದಾಗ ಒಲವು ಕುಗ್ಗುತ್ತಿರಲಿಲ್ಲ.

ಆದರೆ ಇಲ್ಲಿಯೂ ಎಚ್ಚರಿಕೆ ಬೇಕು. ಈ ಪ್ರಯೋಗಗಳಲ್ಲಿದ್ದುದು ಮೊದಲೇ ಪ್ರಿಯವಾಗಿದ್ದ ಕೆಲಸ. ಚಿತ್ರ ಬರೆಯುವ ಮಗುವಿನಿಂದ ಕಲಿತ ಪಾಠವನ್ನು ಕಬ್ಬಿಣ ಹೊರುವವನ ಕೂಲಿ ಕಡಿಯುವುದಕ್ಕೆ ಉಪಯೋಗಿಸಿದರೆ ಅದು ವಿಜ್ಞಾನವಲ್ಲ, ಕಪಟ. ಹೊಟ್ಟೆಪಾಡಿಗಾಗಿ ಮಾಡುವ ಬೇಸರದ ಕೆಲಸದಲ್ಲಿ ಒಲವು ಕುಗ್ಗೀತೆಂಬ ನೆಪದಿಂದ ಕೂಲಿಯನ್ನು ಹಿಡಿದಿಡಲು ಯಾರಿಗೂ ಹಕ್ಕಿಲ್ಲ.

ಅಹಮದಾಬಾದಿನ ಮಗ್ಗಗಳು

ಹಣ, ಆದರ ಇವೆರಡರ ಜೊತೆಗೆ ಮೂರನೆಯದೊಂದು ಸಂಗತಿಯನ್ನು ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಯೋಗ ತೋರಿಸಿತು. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಎಂಬವರು 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಗಿರಣಿಗಳಿಗೆ ಸಲಹೆಗಾರರಾಗಿ ಬಂದರು. ಅಲ್ಲಿ ಹೊಸದಾಗಿ ಸ್ವಯಂಚಾಲಿತ ಮಗ್ಗಗಳನ್ನು ಸ್ಥಾಪಿಸಿದ್ದರೂ ನಿರೀಕ್ಷಿಸಿದಷ್ಟು ಬಟ್ಟೆ ಬರುತ್ತಿರಲಿಲ್ಲ. ಬಂದುದರಲ್ಲಿಯೂ ದೋಷಗಳು ಹೆಚ್ಚು. ನೇಯುವವನೊಬ್ಬ, ನೂಲು ತುಂಬುವವನೊಬ್ಬ, ಎಣ್ಣೆ ಹಾಕುವವನೊಬ್ಬ, ಹೀಗೆ ಕೆಲಸ ಚೂರುಚೂರಾಗಿ ಹಂಚಿಹೋಗಿ, ಇಡೀ ಮಗ್ಗ ಯಾರ ಹೊಣೆಯೆಂಬುದೇ ಸ್ಪಷ್ಟವಾಗಿರಲಿಲ್ಲ.

ಏಳು ಮಂದಿಯ ಒಂದು ಗುಂಪಿಗೆ 64 ಮಗ್ಗಗಳ ಪೂರ್ತಿ ಹೊಣೆಯನ್ನು ವಹಿಸಬೇಕೆಂಬ ಸೂಚನೆ ಬಂದಾಗ ಕಾರ್ಮಿಕರೇ ಅದನ್ನು ಉತ್ಸಾಹದಿಂದ ಕೈಗೆತ್ತಿಕೊಂಡು, ತಮ್ಮ ಗುಂಪುಗಳನ್ನು ತಾವೇ ರಚಿಸಿಕೊಂಡರು. ಕಾಲಕ್ರಮದಲ್ಲಿ ಉತ್ಪಾದನೆ ಏರಿತು. ಕೆಟ್ಟ ಬಟ್ಟೆಯ ಪ್ರಮಾಣ ಇಳಿಯಿತು. ಮಗ್ಗಗಳು ಹಳೆಯವೇ, ಹೊಸದಾಗಿ ಬಂದುದು, ಇದು ನಮ್ಮ ಕೆಲಸ ಎಂಬ ಭಾವನೆ. ಆದರೆ 1970ರಲ್ಲಿ ಎರಿಕ್ ಮಿಲ್ಲರ್ ಎಂಬವರು ಪುನಃ ಬಂದು ನೋಡಿದಾಗ ಈ ಪದ್ಧತಿ ಕೆಲವೆಡೆ ಸಡಿಲಗೊಂಡಿತ್ತು. ಹೊಣೆಯನ್ನು ಒಮ್ಮೆ ವಹಿಸಿದರೆ ಸಾಲದು. ಮೇಲಿನವರು ಅದನ್ನು ದಿನದಿನವೂ ಕಾಪಾಡಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಉಪಸಂಹಾರ

ಇನ್ನು ನಮ್ಮ ಮೊದಲ ಪ್ರಶ್ನೆಗೆ ಮರಳೋಣ. ದುಡಿಮೆಗೂ ಪ್ರತಿಫಲಕ್ಕೂ ನ್ಯೂಟನ್ನನ ನಿಯಮದಂತಹ ಸೂತ್ರವುಂಟೆ? ಇಲ್ಲ. ಹಣವೇ ಎಲ್ಲವೆಂದ ಟೇಲರನ ಮಾತು ತಂತಿ ಕಟ್ಟುವವರ ಕೋಣೆಯಲ್ಲಿ ಸೋತಿತು. ಹಣ ಮುಖ್ಯವೇ ಅಲ್ಲ, ನಾಲ್ಕು ಒಳ್ಳೆಯ ಮಾತು ಸಾಕೆನ್ನುವ ವಾದ, ಕೂಲಿಯ ಪದ್ಧತಿಯೊಂದನ್ನೇ ಬದಲಿಸಿದ ಪ್ರಯೋಗದಲ್ಲಿ ಸೋತಿತು. ಇವೆರಡರಲ್ಲಿ ಎರಡನೆಯ ತಪ್ಪು ಹೆಚ್ಚು ಅಪಾಯಕಾರಿ; ಏಕೆಂದರೆ ಅದು ನೋಡಲು ಉದಾರವಾಗಿದೆ, ಕೊಡುವವನಿಗೆ ಅಗ್ಗವಾಗಿಯೂ ಇದೆ. ಸನ್ಮಾನದ ಹಾರವನ್ನು ಹಾಕಿ ಸಂಬಳವನ್ನು ತಡೆಹಿಡಿಯುವವನು ಹಾಥಾರ್ನಿನ ಹೆಸರನ್ನು ಹೇಳಬಾರದು.

ಆ ಕಾರ್ಖಾನೆಯ ಬಾಗಿಲು 1983ರಲ್ಲಿ ಮುಚ್ಚಿತು. ಕಟ್ಟಡಗಳಲ್ಲಿ ಬಹುಪಾಲು ಕೆಡವಲ್ಪಟ್ಟವು. ಅದು ಬಿಟ್ಟುಹೋದ ಪಾಠ ಮಾತ್ರ ಉಳಿದಿದೆ. ನ್ಯಾಯವಾದ ಕೂಲಿ ಬುನಾದಿ. ಅದಿಲ್ಲದೆ ಗೋಡೆ ಏಳದು. ಅದರ ಮೇಲೆ, ದುಡಿಮೆಯ ಫಲ ದುಡಿದವನ ಕಣ್ಣಿಗೆ ಕಾಣಬೇಕು. ಕೆಲಸದಲ್ಲಿ ಅವನಿಗೂ ಒಂದು ಮಾತಿರಬೇಕು. ಇಂದು ಕೊಟ್ಟ ವಾಗ್ದಾನ ನಾಳೆ ಮುರಿಯದೆಂಬ ಭರವಸೆಯಿರಬೇಕು.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ಬಾಯಿಬಿಟ್ಟು ಹೇಳದ ಒಂದು ನಿಬಂಧನೆ ಅಡಗಿದೆ: ಕೆಸರಾದ ಕೈಯೂ ಮೊಸರು ಕಾಣುವ ಬಾಯಿಯೂ ಒಬ್ಬನವೇ ಆಗಿರಬೇಕು. ಹಾಥಾರ್ನಿನ ಆ ಹದಿನಾಲ್ಕು ಮಂದಿಗೆ ಸಂದೇಹವಿದ್ದುದು ಅದರಲ್ಲಿಯೇ. ನಾಳೆ ಇತರರಿಂದ ದುಡಿಸುವ ಸ್ಥಾನಕ್ಕೆ ಬರುವ ವಿದ್ಯಾರ್ಥಿಗಳು, ತಮ್ಮ ಕೆಲಸಗಾರರ ಲೆಕ್ಕದ ನಕ್ಷೆ ಅತಿ ನೇರವಾದ ಗೆರೆಯಂತೆ ಕಂಡಾಗ ಅವರನ್ನು ಸೋಮಾರಿಗಳೆಂದು ಬಯ್ಯುವ ಮೊದಲು, ಆ ಸಂದೇಹಕ್ಕೆ ತಾವೇನಾದರೂ ಕಾರಣ ಕೊಟ್ಟಿರುವೆವೆ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.